ಮಾರ್ಫಿನ್ ಕೊಟ್ರೆ ಕ್ಯಾನ್ಸರ್ ವಾಪಸ್ ಬರತ್ತಾ?

ಕ್ಯಾನ್ಸರ್ ಆಪರೇಷನ್‌ಗೆ ಮಾರ್ಫಿನ್, ಫೆಂಟನಿಲ್ ಥರದ ಗಟ್ಟಿ ನೋವಿನ ಔಷಧಿ (ಒಪಿಯಾಯ್ಡ್) ಕೊಟ್ರೆ ಗಡ್ಡೆ ಮತ್ತೆ ಬರತ್ತಂತೆ ಅನ್ನೋ ಮಾತು ಇನ್ನೂ ಓಡಾಡ್ತಾನೇ ಇದೆ. ಇದೇನು ಬುಡವೇ ಇಲ್ಲದ ಗಾಳಿಸುದ್ದಿ ಅಲ್ಲ, ಲ್ಯಾಬಲ್ಲಿ ಮಾರ್ಫಿನ್ ನಮ್ಮ ನ್ಯಾಚುರಲ್ ಕಿಲ್ಲರ್ ಕಣಗಳನ್ನ, ಅಂದ್ರೆ ತಪ್ಪಿಸ್ಕೊಂಡ ಕ್ಯಾನ್ಸರ್ ಕಣಗಳನ್ನ ಹುಡುಕಿ ಕೊಲ್ಲೋ ಬಿಳಿ ರಕ್ತಕಣಗಳನ್ನ, ಮಂಕು ಮಾಡಿದ್ದು ಕಂಡಿತ್ತು. 2006ರಲ್ಲಿ 129 ಹೆಂಗಸರ ಹಳೇ ರೆಕಾರ್ಡ್ ತೆಗೆದು ನೋಡಿದ್ರೆ ಸ್ತನದ ಆಪರೇಷನ್ ಟೈಮಲ್ಲಿ ಬೆನ್ನುಮೂಳೆ ಪಕ್ಕದ ನರಕ್ಕೆ ಬ್ಲಾಕ್, ಅಂದ್ರೆ ಜೋಮು ಹಿಡಿಸಿ ಒಪಿಯಾಯ್ಡ್ ಕಮ್ಮಿ ಸಾಕಾಗೋ ಹಾಗೆ ಮಾಡೋ ಇಂಜೆಕ್ಷನ್, ಕೊಟ್ಟಿದ್ದೋರಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಕಮ್ಮಿ ಅಂತ ಬಂತು, ಅಲ್ಲಿಂದ ಎಲ್ಲರಿಗೂ ಆಸೆ ಹುಟ್ಕೊಂಡ್ತು.

ಆದ್ರೆ ಹಳೇ ರೆಕಾರ್ಡ್ ನೋಡಿ ಹೇಳೋದೇ ಬೇರೆ, ಚೀಟಿ ಎತ್ತಿದ ಹಾಗೆ ಯಾರಿಗೆ ಯಾವ್ದು ಅಂತ ಮೊದಲೇ ಹಂಚಿ ವರ್ಷಗಟ್ಟಲೆ ಕಾದು ನೋಡೋದೇ ಬೇರೆ. ಅದನ್ನ ಡೇನಿಯಲ್ ಸೆಸ್ಲರ್ ಮತ್ತವರ ಜೊತೆಯವರು ಎಂಟು ದೇಶಗಳಲ್ಲಿ 2,100ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ್ರು, ಅರ್ಧ ಜನಕ್ಕೆ ಬ್ಲಾಕ್ ಜೊತೆ ರಕ್ತನಾಳಕ್ಕೆ ಕೊಡೋ ಪ್ರಜ್ಞೆ ತಪ್ಪಿಸೋ ಔಷಧಿ ಪ್ರೊಪೊಫಾಲ್, ಇನ್ನರ್ಧಕ್ಕೆ ಪ್ರಜ್ಞೆ ತಪ್ಪಿಸೋ ಗ್ಯಾಸ್ ಮತ್ತು ಒಪಿಯಾಯ್ಡ್. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ರಿಸಲ್ಟ್ ಬಂತು, ಎರಡೂ ಕಡೆ ಮರುಕಳಿಸಿದ್ದು ಶೇ. 10. ಒಂದಿಷ್ಟೂ ವ್ಯತ್ಯಾಸ ಇಲ್ಲ! ಇದು ಸ್ತನ ಕ್ಯಾನ್ಸರ್ ಮಾತು, ಎಲ್ಲಾ ಕ್ಯಾನ್ಸರ್‌ಗೂ ಹಾಗೇ ಅನ್ವಯಿಸೋಕಾಗಲ್ಲ, ಆದ್ರೂ ಬ್ಲಾಕ್ ಮೇಲಿನ ಆ ಆಸೆ ಹುಟ್ಟಿದ್ದೇ ಸ್ತನ ಕ್ಯಾನ್ಸರ್‌ನವರನ್ನ ನೋಡಿ ಅಲ್ವಾ.

ನಾನಿದನ್ನ ಬರೀತಿರೋದು ನಮ್ಮ ಚಿಕ್ಕಮ್ಮನ್ನ ನೋಡಿ. ಆಪರೇಷನ್ ಆದ ರಾತ್ರಿ ಸಿಸ್ಟರ್ ಬಂದು ನೋವು ಹತ್ತರಲ್ಲಿ ಎಷ್ಟಮ್ಮ ಅಂದ್ರೆ "ಎರಡು ಇರ್ಬೋದು ಕಣಮ್ಮ" ಅಂತಾರೆ, ಕೈಯಲ್ಲಿ ಮಂಚದ ಕಂಬಿ ಬಿಗಿಯಾಗಿ ಹಿಡ್ಕೊಂಡಿದಾರೆ, ಕೆಮ್ಮು ಬಂದ್ರೆ ಹೊಲಿಗೆ ಎಳೆಯತ್ತೆ ಅಂತ ಕೆಮ್ಮನ್ನೂ ನುಂಗ್ಕೋತಿದಾರೆ. ಹಾಗೆ ನೋವು ತಡ್ಕೊಂಡು ಉಸಿರು ಪೂರ್ತಿ ಎಳ್ಕೊಳ್ದೆ ಮಲಗಿದ್ರೆ ಕಫ ಕಟ್ಟತ್ತೆ, ಎದ್ದು ಓಡಾಡೋದು ತಡ ಆಗತ್ತೆ. ಎಂದೋ ಬರಬಹುದಾದ ಕಾಯಿಲೆಗೆ ಹೆದರಿ ಇವತ್ತಿನ ನೋವು ತಿನ್ನೋದು ನನಗೆ ಸಂಕಟ ಆಗತ್ತೆ.

ಇನ್ನೊಂದು ಸುದ್ದಿ ನಮ್ಮ ದೇಶದ್ದೇ. ಮುಂಬೈ ಟಾಟಾ ಮೆಮೋರಿಯಲ್‌ನ ರಾಜೇಂದ್ರ ಬಡ್ವೆ ಅವರ ತಂಡ ಆಪರೇಷನ್‌ಗೆ ಸ್ವಲ್ಪ ಮುಂಚೆ ಸ್ತನದ ಗಡ್ಡೆ ಸುತ್ತ ಲಿಡೊಕೇನ್ ಚುಚ್ಚಿ ನೋಡಿದ್ರು, ಹಲ್ಲು ಕೀಳುವಾಗ ಜೋಮು ಹಿಡಿಸ್ತಾರಲ್ಲ ಅದೇ ಅಗ್ಗದ ಔಷಧಿ. ಐದು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಬದುಕಿದ್ದೋರು, ಚುಚ್ಚದೆ ಇದ್ದವರಲ್ಲಿ ಶೇ. 82.6, ಚುಚ್ಚಿದವರಲ್ಲಿ 86.6, 2023ರಲ್ಲಿ ಪ್ರಕಟ ಆಗಿದೆ. ಇದಕ್ಕಾಗಿ ಮಾರ್ಫಿನ್ ಬಿಡಬೇಕು ಅಂತೇನಿಲ್ಲ, ಸರ್ಜನ್ ಹತ್ರ ಇದನ್ನ ಕೇಳಿ.

ಬ್ಲಾಕ್ ಬೇಕಂದ್ರೂ ಅನಸ್ತೇಷಿಯಾ ಡಾಕ್ಟ್ರನ್ನ ಮುಂಚೆನೇ ಕೇಳಿ, ಒಪಿಯಾಯ್ಡ್ ಕಮ್ಮಿ ಸಾಕಾಗತ್ತೆ, ವಾಂತಿ, ಮಲಬದ್ಧತೆ ಅಷ್ಟು ಕಾಡಲ್ಲ. ಆದ್ರೆ ಸಿಸ್ಟರ್ ಎಷ್ಟು ನೋವಿದೆ ಅಂದಾಗ ಏಳಿದ್ರೆ ಏಳು ಅಂತಲೇ ಹೇಳಿ.