ಫೀಲ್ಡ್ ಇನ್ನೂ ಮೇಲಕ್ಕಿದ್ದಾಗ್ಲೇ ಪದರ ತಿರುಗಿಬಿಡ್ತು

ಸಿಂಥೆಟಿಕ್ ಆಂಟಿಫೆರೋಮ್ಯಾಗ್ನೆಟ್, ಅಂದ್ರೆ ಎರಡು ಕಾಂತ ಪದರಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಲ್ಲೋ ಹಾಗೆ ಕಟ್ಟಿದ ಜೋಡಿ, ಇದರ ಬಗ್ಗೆ ಪೇಪರ್‌ಗಳಲ್ಲಿ ಬೇಕಾದಷ್ಟು ಓದಿದ್ದೆ, ಆದ್ರೂ ನಾವೇ ಮಾಡಿದ ತೆಳು ಲೋಹದ ಫಿಲ್ಮಲ್ಲಿ ಅದನ್ನ ನೋಡಿದ ದಿನದ ಖುಷಿನೇ ಬೇರೆ. ಇದು ತಾನಾಗೇ ಸಿಗೋ ವಸ್ತು ಅಲ್ಲ, ಪದರದ ಮೇಲೆ ಪದರ ಕೂರಿಸಿ ಕಟ್ಟಬೇಕು. ಕೆಳಗೆ ಪ್ಲಾಟಿನಂ, ಅದರ ಮೇಲೆ ಒಂದು ನ್ಯಾನೋಮೀಟರಿಗಿಂತ ತೆಳು ಕೋಬಾಲ್ಟ್, ಆಮೇಲೆ ರುಥೇನಿಯಂ, ಮತ್ತೆ ಕೋಬಾಲ್ಟ್, ಕೊನೆಗೆ ಪ್ಲಾಟಿನಂ. ಇಷ್ಟು ತೆಳು ಕೋಬಾಲ್ಟ್ ಪ್ಲಾಟಿನಂ ಪಕ್ಕ ಇದ್ರೆ ಅದರ ಕಾಂತತ್ವ ಫಿಲ್ಮ್ ಮೇಲೆ ಅಡ್ಡಡ್ಡ ಮಲಗಲ್ಲ, ಮೇಲಕ್ಕೋ ಕೆಳಕ್ಕೋ ನೆಟ್ಟಗೆ ನಿಲ್ಲುತ್ತೆ.

ಆದ್ರೆ ಎಲ್ಲಾ ತೀರ್ಮಾನ ಮಾಡೋದು ಮ್ಯಾಗ್ನೆಟ್ಟೇ ಅಲ್ಲದ ಆ ರುಥೇನಿಯಂ. ಅದು ಸುಮಾರು 0.8 ನ್ಯಾನೋಮೀಟರ್ ಇದ್ರೆ ಎರಡು ಕೋಬಾಲ್ಟೂ ಎದುರುಬದುರು (ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ), ಇನ್ನೊಂದರ್ಧ ನ್ಯಾನೋಮೀಟರ್ ದಪ್ಪ ಮಾಡಿದ್ರೆ ಒಂದೇ ದಿಕ್ಕು, ಇನ್ನೂ ಏರಿಸಿದ್ರೆ ಮತ್ತೆ ಎದುರುಬದುರು, ಪ್ರತಿ ಸಲಕ್ಕೂ ಹಿಡಿತ ಮಾತ್ರ ಸಡಿಲ ಆಗ್ತಾ ಹೋಗುತ್ತೆ. ನಡುವಿನ ಲೋಹದ ಎಲೆಕ್ಟ್ರಾನುಗಳೇ ಒಂದು ಪದರದ ಸುದ್ದಿ ಇನ್ನೊಂದಕ್ಕೆ ಮುಟ್ಟಿಸೋದು. ಈ ಏರಿಳಿತನ 1990ರಲ್ಲಿ ಸ್ಟುವರ್ಟ್ ಪಾರ್ಕಿನ್ ಮತ್ತೆ ಜೊತೆಯವರು ತೋರಿಸಿದ್ದು ಸ್ಪಟರಿಂಗ್ ಮಾಡಿದ (ಅಯಾನುಗಳಿಂದ ಲೋಹದ ಪರಮಾಣು ಕಿತ್ತು ಕೂರಿಸಿದ) ಫಿಲ್ಮುಗಳಲ್ಲೇ, ಅಂದ್ರೆ ನಮ್ಮ ಚೇಂಬರಲ್ಲಿ ಆರ್ಗಾನ್ ಪ್ಲಾಸ್ಮಾ ನೇರಳೆ ಬಣ್ಣಕ್ಕೆ ಉರೀತಿರುತ್ತಲ್ಲ, ಅದೇ ವಿಧಾನ. ರುಥೇನಿಯಂ ಶಟರ್ ತೆಗೆದು ಮುಚ್ಚೋದು ಕೆಲವೇ ಸೆಕೆಂಡಿನ ಕೆಲಸ, ಅಷ್ಟರಲ್ಲೇ ಎಲ್ಲಾ ನಿರ್ಧಾರ ಆಗಿಹೋಗಿರುತ್ತೆ.

ಸ್ಯಾಂಪಲ್ ಹೊರಗೆ ತೆಗೆದು ಕೆರ್ ಸೆಟಪ್ಪಲ್ಲಿ ಇಟ್ವಿ, ಫಿಲ್ಮಿಂದ ವಾಪಸ್ ಬರೋ ಲೇಸರಿನ ಪೋಲರೈಸೇಷನ್ ಎಷ್ಟು ತಿರುಗಿದೆ ಅನ್ನೋದ್ರಿಂದ ಕಾಂತತ್ವ ಗೊತ್ತಾಗುತ್ತೆ. ಹೊರಗಿಂದ ಮೇಲ್ಮುಖವಾಗಿ ಕೊಟ್ಟ ದೊಡ್ಡ ಫೀಲ್ಡಲ್ಲಿ (ಕಾಂತಕ್ಷೇತ್ರದಲ್ಲಿ) ಎರಡೂ ಪದರ ಮೇಲ್ಮುಖ. ನಿಧಾನಕ್ಕೆ ಇಳಿಸ್ತಾ ಬಂದ್ವಿ, ಫೀಲ್ಡ್ ಇನ್ನೂ ಮೇಲ್ಮುಖವಾಗೇ ಇದೆ, ಸೊನ್ನೆ ಮುಟ್ಟೇ ಇಲ್ಲ, ಅಷ್ಟರಲ್ಲಿ ಸಿಗ್ನಲ್ ದಡಕ್ಕನೆ ಬಿತ್ತು! ಒಂದು ಕೋಬಾಲ್ಟ್ ಪದರ ಹೊರಗಿನ ಫೀಲ್ಡಿಗೆ ಎದುರಾಗಿ ತಿರುಗಿತ್ತು, ಬರೀ ಪಕ್ಕದ ಪದರದ ಒತ್ತಾಯಕ್ಕೆ. ಆಮೇಲೆ ಸೊನ್ನೆ ದಾಟೋವರೆಗೂ ಚಪ್ಪಟೆ ಗೆರೆ. ಅದು ಕರೆಕ್ಟಾಗಿ ಮಧ್ಯಕ್ಕಿರ್ಲಿಲ್ಲ, ಸ್ವಲ್ಪ ಒಂದು ಕಡೆಗಿತ್ತು, ಲೇಸರಿಗೆ ಮೇಲಿನ ಪದರ ಜಾಸ್ತಿ ಕಾಣುತ್ತಲ್ಲ ಅದಕ್ಕೆ. ನನಗೆ ಲೂಪಿನಲ್ಲಿ (ಫೀಲ್ಡ್ ಬದಲಾದಂತೆ ಸಿಗ್ನಲ್ ಬರೆಯೋ ಗ್ರಾಫಲ್ಲಿ) ತುಂಬಾ ಇಷ್ಟ ಆಗಿದ್ದೇ ಆ ಸಣ್ಣ ಓರೆ, ಎರಡು ಪದರನೂ ಬೇರೆಬೇರೆಯಾಗಿ ಬದುಕಿವೆ ಅಂತ ಅದೇ ಹೇಳ್ತಿತ್ತು.

ಪೀಟರ್ ಗ್ರೂನ್‌ಬರ್ಗ್ ತಂಡ 1986ರಲ್ಲಿ ಕಬ್ಬಿಣ-ಕ್ರೋಮಿಯಂ ಪದರಗಳಲ್ಲಿ ಈ ಎದುರುಬದುರು ಜೋಡಣೆ ಕಂಡಿದ್ದಕ್ಕೇ 1988ರ ಜಿಎಂಆರ್ (ಪದರಗಳ ಕಾಂತ ದಿಕ್ಕು ಬದಲಾದ್ರೆ ವಿದ್ಯುತ್ ರೋಧ ತುಂಬಾ ಬದಲಾಗೋ ಪರಿಣಾಮ), ಹಾರ್ಡ್‌ಡಿಸ್ಕ್ ಹೆಡ್ಡು, 2007ರ ನೊಬೆಲ್ ಎಲ್ಲಾ ಬಂದಿದ್ದು. ನಾವು ಅವತ್ತೇ ರುಥೇನಿಯಂ ಮಾತ್ರ ಅರ್ಧ ನ್ಯಾನೋಮೀಟರ್ ದಪ್ಪ ಮಾಡಿದ್ದ ಸ್ಯಾಂಪಲ್ಲನ್ನೂ ಇಟ್ಟು ನೋಡಿದ್ವಿ, ಮೆಟ್ಟಿಲೇ ಇಲ್ಲ, ನೀಟಾದ ಚೌಕ ಲೂಪ್, ಎರಡು ಪದರನೂ ಒಟ್ಟಿಗೇ ತಿರುಗಿದ್ವು.