ಒಡೋನಿಯ ಅಂಗೈ

ನಿನ್ನೆ ರಾತ್ರಿ ನಿದ್ದೆ ಬಾರದೆ ಒಂದೇ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಇಟಲಿಯ ಚಿತ್ರಕಾರ ಲೊರೆಂಜೊ ಲೊಟ್ಟೊ 1527ರಲ್ಲಿ ಬರೆದ ಆಂಡ್ರಿಯಾ ಒಡೋನಿಯ ಭಾವಚಿತ್ರ. ಒಡೋನಿ ವೆನಿಸ್ಸಿನ ಸಿರಿವಂತ, ಹಳೆಯ ಶಿಲ್ಪಗಳ ಸಂಗ್ರಹಕಾರ. ಆ ಕಾಲದ ಭಾವಚಿತ್ರಗಳು ಹೆಚ್ಚಾಗಿ ಉದ್ದುದ್ದ, ಇದು ಅಡ್ಡಗಲ. ಇಷ್ಟೆಲ್ಲ ವಸ್ತುಗಳ ನಡುವೆ ಮನುಷ್ಯನನ್ನು ಕೂರಿಸಲು ಜಾಗ ಬೇಕಲ್ಲ!

ತುಪ್ಪಳದ ಅಂಚಿನ ದೊಡ್ಡ ನಿಲುವಂಗಿ, ಗಡ್ಡ, ದಣಿದಂತಿರುವ ಕಣ್ಣು. ಮೇಜಿನ ಮೇಲೆ ನಾಣ್ಯಗಳು, ಒಂದು ಪುಸ್ತಕ. ಸುತ್ತ ತಲೆಯಿಲ್ಲದ, ಕೈಯಿಲ್ಲದ ಪ್ರತಿಮೆಗಳು. ಮೇಜಿನ ಹಸಿರು ಬಟ್ಟೆಯ ಕೆಳಗಿನಿಂದ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ತಲೆ ಇಣುಕುತ್ತದೆ. ಒಂದು ಸಾಮ್ರಾಜ್ಯವನ್ನೇ ಆಳಿದವನು ಮೇಜಿನ ಕಾಲಬುಡದಲ್ಲಿ! ಅಲ್ಲಿಂದ ಮುಂದೆ ಬಹಳ ಹೊತ್ತು ಕಣ್ಣು ಚಲಿಸಲಿಲ್ಲ.

ಆಮೇಲೆ ಕೈಗಳನ್ನು ಗಮನಿಸಿದೆ. ಒಂದು ಕೈ ಪ್ರಾಚೀನ ನಗರ ಎಫೆಸಸ್‌ನ ಡಯಾನಾ ದೇವಿಯ ಪುಟ್ಟ ಮೂರ್ತಿಯನ್ನು ನಮ್ಮತ್ತ ಚಾಚಿದೆ. ಇನ್ನೊಂದು ಎದೆಯ ಮೇಲಿದೆ, ಅದರಲ್ಲಿ ಚಿನ್ನದ ಶಿಲುಬೆ. ಹಳೆಯ ಬಣ್ಣದಡಿ ಮರೆಯಾಗಿದ್ದ ಆ ಶಿಲುಬೆ ಮತ್ತೆ ಕಾಣಿಸಿದ್ದು ಚಿತ್ರವನ್ನು ಶುಚಿಗೊಳಿಸಿದಾಗ. ಅವನು ನಮಗೆ ತೋರಿಸುವುದು ಒಂದು, ಎದೆಗೆ ಒತ್ತಿಕೊಂಡಿರುವುದು ಇನ್ನೊಂದು ಎಂದು ನನಗೆ ಅನಿಸಿತು.

1532ರಲ್ಲಿ ಒಡೋನಿಯ ಮನೆಯನ್ನು ನೋಡಿದವರೊಬ್ಬರು ಈ ಚಿತ್ರ ಅವನ ಮಲಗುವ ಕೋಣೆಯಲ್ಲಿತ್ತೆಂದು ಬರೆದಿಟ್ಟಿದ್ದಾರೆ. ಪ್ರತಿರಾತ್ರಿ ದೀಪ ಆರಿಸುವ ಮುನ್ನ ಅವನು ತನ್ನದೇ ಚಾಚಿದ ಅಂಗೈಯನ್ನು ನೋಡುತ್ತಿದ್ದನೇ?