ಕಸಿ ವಿಭಾಗದ ಪೇಪರು: ಗಡಿಯಾರ, ಛೇದ, ಹೆಸರು

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯಿಂದ ಯುರಾಲಜಿ ಕಲಿಯಲು ಮುಂಬಯಿಗೋ ಪುಣೆಗೋ ಬಂದ ರೆಸಿಡೆಂಟುಗಳ ಕಿವಿಗೆ ಮೊದಲ ವರ್ಷವೇ ಬೀಳುವ ಮಾತು: "ಹತ್ತು ವರ್ಷದ ಕಿಡ್ನಿ ಕಸಿಯ ಡೇಟಾ ಹಾಗೇ ಬಿದ್ದಿದೆ, ಒಂದು ಪೇಪರ್ ಮಾಡಿಬಿಡಿ." ನಿಜಕ್ಕೂ ಅಲ್ಲಿ ಬಿದ್ದಿರುವುದು ಕೇಸ್ ಪೇಪರುಗಳು, ಅನೆಸ್ತೀಸಿಯಾ ಚಾರ್ಟು, ಕೋಆರ್ಡಿನೇಟರ್ ರಿಜಿಸ್ಟರು ಮತ್ತು ಡಯಾಲಿಸಿಸ್ ಡೈರಿ. ಇವನ್ನು ಎಕ್ಸೆಲ್ ಹಾಳೆಗೆ ಇಳಿಸುವಾಗ ಮಾಡಿದ ಚಿಕ್ಕಚಿಕ್ಕ ತೀರ್ಮಾನಗಳೇ ಎರಡು ವರ್ಷದ ಮೇಲೆ ಫಲಿತಾಂಶ ಎನಿಸಿಕೊಂಡು ಅಚ್ಚಾಗುತ್ತವೆ.

ಮೊದಲು ಗಡಿಯಾರದ ವಿಷಯ. ಮೃತ ದಾನಿಯ ಕಿಡ್ನಿಯ ಕೋಲ್ಡ್ ಇಸ್ಕೀಮಿಯಾ, ಅಂದರೆ ರಕ್ತವಿಲ್ಲದೆ ತಣ್ಣಗಿರುವ ಅವಧಿ, ಶುರುವಾಗುವುದು ದಾನಿಯ ಮಹಾಪಧಮನಿಗೆ ಕ್ಲಾಂಪ್ ಹಾಕಿ ತಣ್ಣನೆಯ ದ್ರಾವಣ ಹರಿಸಿದಾಗ, ಮುಗಿಯುವುದು ಕಿಡ್ನಿಯನ್ನು ಐಸಿನಿಂದ ಎತ್ತಿ ರೋಗಿಯ ಹೊಟ್ಟೆಗೆ ಇಟ್ಟಾಗ. ಅಲ್ಲಿಂದ ರಕ್ತನಾಳ ಹೊಲಿದು ಕ್ಲಾಂಪ್ ಬಿಡುವವರೆಗಿನದು ಬೇರೆ ಲೆಕ್ಕ, ಅದು ಅನಾಸ್ಟೊಮೋಸಿಸ್ ಸಮಯ. ಕೆಲವು ಪೇಪರುಗಳು ಎರಡನ್ನೂ ಕೂಡಿಸಿ ಒಟ್ಟಿಗೆ "ಕೋಲ್ಡ್" ಎಂದು ಬರೆಯುತ್ತವೆ. ಒಂದು ಉದಾಹರಣೆ ನೋಡಿ. ಕ್ಲಾಂಪ್ ರಾತ್ರಿ 22:50ಕ್ಕೆ, ಐಸಿನಿಂದ ಎತ್ತಿದ್ದು ಬೆಳಿಗ್ಗೆ 07:35ಕ್ಕೆ, ಕ್ಲಾಂಪ್ ಬಿಟ್ಟಿದ್ದು 08:17ಕ್ಕೆ. ಕೋಲ್ಡ್ ಸಮಯ 8 ಗಂಟೆ 45 ನಿಮಿಷ, ಅನಾಸ್ಟೊಮೋಸಿಸ್ 42 ನಿಮಿಷ. ಕೂಡಿಸಿದರೆ 9 ಗಂಟೆ 27 ನಿಮಿಷ. ನಿಮ್ಮ ಸರಾಸರಿಯನ್ನು ಕೂಡಿಸಿ ಬರೆದವರ ಸರಾಸರಿಯ ಪಕ್ಕದಲ್ಲಿಟ್ಟರೆ ನಿಮ್ಮ ಸಾರಿಗೆ ವ್ಯವಸ್ಥೆ ಅವರದ್ದಕ್ಕಿಂತ ಚುರುಕಾಗಿದೆ ಎಂಬ ಸುಳ್ಳು ಹೆಮ್ಮೆ ಪುಕ್ಕಟೆಯಾಗಿ ಸಿಗುತ್ತದೆ.

ಇದೇ ಉದಾಹರಣೆಯಲ್ಲಿ ಎಕ್ಸೆಲ್ಲಿನ ಹೊಂಡವೂ ಇದೆ. ತಾರೀಖು ಇಲ್ಲದೆ ಬರೀ ಸಮಯ ಹಾಕಿ 07:35ರಿಂದ 22:50 ಕಳೆದರೆ ಕೋಶದ ತುಂಬ ಹ್ಯಾಶ್ ಗುರುತುಗಳು, ಏಕೆಂದರೆ ಉತ್ತರ ಋಣಾತ್ಮಕ. ಅವಸರದಲ್ಲಿ ಇರುವವರು ಎರಡನ್ನೂ ಅದಲುಬದಲು ಮಾಡಿ ಕಳೆಯುತ್ತಾರೆ, 15 ಗಂಟೆ 15 ನಿಮಿಷ ಬರುತ್ತದೆ, ನೋಡಲು ನಂಬುವ ಹಾಗೆಯೇ ಇರುತ್ತದೆ, ಹಾಗಾಗಿ ಯಾರೂ ಹಿಡಿಯುವುದಿಲ್ಲ. ಮೃತ ದಾನಿಯ ಕಸಿ ನಡುರಾತ್ರಿ ದಾಟುವುದು ಮಾಮೂಲು. ಆದ್ದರಿಂದ ಪ್ರತಿ ಸಮಯದ ಜೊತೆ ತಾರೀಖನ್ನೂ ಒಂದೇ ಕೋಶದಲ್ಲಿ ಹಾಕಿ. ದಾನಿಯ ಒಟಿ ಗಡಿಯಾರ ಒಂದು, ನಿಮ್ಮ ಒಟಿ ಗಡಿಯಾರ ಇನ್ನೊಂದು, ಕೋಆರ್ಡಿನೇಟರ್ ಮೊಬೈಲ್ ಮತ್ತೊಂದು. ಯಾವ ಘಟನೆಗೆ ಯಾವ ದಾಖಲೆಯನ್ನು ನಂಬಿದ್ದೀರಿ ಎಂದು ಪೇಪರಿನ ಮೆಥಡ್ಸ್ ಭಾಗದಲ್ಲಿ ಒಂದು ಸಾಲು ಇರಲಿ.

ಡಿಲೇಡ್ ಗ್ರಾಫ್ಟ್ ಫಂಕ್ಷನ್, ಅಂದರೆ ಕಸಿ ಮಾಡಿದ ಕಿಡ್ನಿ ತಡವಾಗಿ ಕೆಲಸ ಶುರುಮಾಡುವುದು, ಇನ್ನೂ ಜಾರು ನೆಲ. ಹೆಚ್ಚಿನವರು ಬಳಸುವ ವ್ಯಾಖ್ಯೆ ಸರಳ: ಕಸಿಯಾದ ಮೊದಲ ವಾರದಲ್ಲಿ ಒಮ್ಮೆಯಾದರೂ ಡಯಾಲಿಸಿಸ್. ಆದರೆ ಆಪರೇಷನ್ ಆದ ರಾತ್ರಿ ಪೊಟ್ಯಾಸಿಯಂ 6.4 ಬಂತೆಂದು ಒಂದೇ ಸಲ ಡಯಾಲಿಸಿಸ್ ಮಾಡಿ, ಮರುದಿನದಿಂದ ಮೂತ್ರ ಧಾರಾಳವಾಗಿ ಬಂದ ರೋಗಿ ಯಾವ ಕಡೆ? ಕೆಲವು ಕೇಂದ್ರಗಳು ಮೊದಲ 24 ಗಂಟೆಯ ಡಯಾಲಿಸಿಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವರು ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ಇಳಿಯುವ ವೇಗ ನೋಡುತ್ತಾರೆ. ಯಾವುದನ್ನು ಬಳಸಿದರೂ ಅಡ್ಡಿಯಿಲ್ಲ, ಡೇಟಾ ತೆರೆಯುವ ಮೊದಲು ಬರೆದಿಟ್ಟಿರಬೇಕು ಅಷ್ಟೆ. ಫಲಿತಾಂಶ ನೋಡಿದ ಮೇಲೆ ವ್ಯಾಖ್ಯೆ ಆರಿಸುವುದು, ಬಾಣ ಬಿಟ್ಟ ಮೇಲೆ ಗುರಿಯ ಸುತ್ತ ವೃತ್ತ ಬರೆಯುವ ಕಸುಬು.

ಮೂತ್ರನಾಳದ ತೊಡಕುಗಳ ಪೇಪರಿಗೂ ಇದೇ ಮಾತು. ಲಿಕ್-ಗ್ರೆಗ್ವಾ ವಿಧಾನದಲ್ಲಿ ಮೂತ್ರನಾಳವನ್ನು ಮೂತ್ರಕೋಶಕ್ಕೆ ಜೋಡಿಸಿ ಒಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಟ್ಟ ಮೇಲೆ "ಲೀಕ್ 3" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಗಾಯಕ್ಕೆ ಇಟ್ಟ ಡ್ರೇನ್ ಕೊಳವೆಯಲ್ಲಿ ಬಂದ ನೀರಿನ ಕ್ರಿಯಾಟಿನಿನ್ ರಕ್ತದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ ಅದು ಮೂತ್ರ, ಹೆಚ್ಚುಕಡಿಮೆ ಸಮನಾಗಿದ್ದರೆ ಲಿಂಫ್ ದ್ರವ. ಈ ಪರೀಕ್ಷೆ ಎಷ್ಟು ಜನರಿಗೆ ಆಯಿತು, ಯಾವ ದಿನ ಆಯಿತು ಎಂಬುದು ಬೇಕು. ಕೆಳ ಧ್ರುವಕ್ಕೆ ಹೋಗುವ ಸಣ್ಣ ಅಪಧಮನಿ ಇತ್ತೇ, ಅದನ್ನು ಜೋಡಿಸಿದರೇ ಕಟ್ಟಿದರೇ ಎಂಬ ಕಾಲಂ ಇಲ್ಲದಿದ್ದರೆ ಕಾರಣದ ಚರ್ಚೆಯೇ ವ್ಯರ್ಥ, ಏಕೆಂದರೆ ಮೂತ್ರನಾಳದ ರಕ್ತ ಬಹುಮಟ್ಟಿಗೆ ಆ ಕಡೆಯಿಂದಲೇ ಬರುತ್ತದೆ ಮತ್ತು ರಕ್ತ ಸಿಗದೆ ತುದಿ ಒಣಗಿದರೆ ಸೋರುತ್ತದೆ. ಸ್ಟೆಂಟ್ ತೆಗೆದ ದಿನವನ್ನೂ ಹಾಕಿ. ಸ್ಟೆಂಟ್ ಲೀಕನ್ನು ಕಡಿಮೆ ಮಾಡುತ್ತದೆ, ಸೋಂಕನ್ನು ಹೆಚ್ಚಿಸುತ್ತದೆ. ಎರಡು ವಾರಕ್ಕೆ ತೆಗೆದವರನ್ನೂ ಆರು ವಾರಕ್ಕೆ ತೆಗೆದವರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಎರಡೂ ಕಾಣುವುದಿಲ್ಲ. ತೊಡಕಿನ ತೀವ್ರತೆಗೆ 2004ರ ಕ್ಲಾವಿಯೆನ್-ಡಿಂಡೊ ದರ್ಜೆ ಇದೆ. "ಮೈನರ್, ಮೇಜರ್" ಎಂದು ಸ್ವಂತ ಬುದ್ಧಿಯಿಂದ ಬರೆಯಬೇಕಿಲ್ಲ.

ಇನ್ನು ಛೇದ, ಅಂದರೆ ಶೇಕಡಾ ಲೆಕ್ಕದಲ್ಲಿ ಗೆರೆಯ ಕೆಳಗೆ ಬರುವ ಒಟ್ಟು ಸಂಖ್ಯೆ. ವಿಜಯಪುರ, ಬೆಳಗಾವಿ, ಕಾರವಾರದ ಎಷ್ಟೋ ರೋಗಿಗಳು ಮುಂಬಯಿ, ಪುಣೆ, ಗೋವೆಗಳಿಗೆ ಬಂದು ಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳುತ್ತಾರೆ. ಹೊರರಾಜ್ಯದ ಜೀವಂತ ದಾನಿಯಾದರೆ ಅವರ ರಾಜ್ಯದಿಂದ ವಾಸಸ್ಥಳದ ಪರಿಶೀಲನೆ ಬೇಕಾಗುವುದರಿಂದ ಆಪರೇಷನ್ನಿಗೆ ಮೊದಲಿನ ಕಾಗದ ದಪ್ಪವಾಗಿಯೇ ಇರುತ್ತದೆ. ಆಮೇಲಿನದು ತೆಳ್ಳಗೆ. ಆರು ತಿಂಗಳ ನಂತರ ಕ್ರಿಯಾಟಿನಿನ್ ಊರಿನ ಲ್ಯಾಬಿನಲ್ಲಿ, ಫಲಿತಾಂಶ ವಾಟ್ಸಾಪಿನಲ್ಲಿ. ಕ್ರಿಯಾಟಿನಿನ್ ಅಳೆಯಲು ಆ ಲ್ಯಾಬು ಜಾಫೆ ವಿಧಾನ ಬಳಸುತ್ತದೋ ಎಂಜೈಮ್ ವಿಧಾನವೋ ಕೇಳಿಕೊಳ್ಳಿ. ಜಾಫೆಯಲ್ಲಿ ಕೀಟೋನು, ಕೆಲವು ಸೆಫಾಲೊಸ್ಪೊರಿನ್ ಮದ್ದುಗಳು ಕ್ರಿಯಾಟಿನಿನ್ ಹೆಚ್ಚೆಂದು ತೋರಿಸಬಲ್ಲವು. ನಿಮ್ಮ ಆಸ್ಪತ್ರೆಯ 1.3ನ್ನೂ ಆ ಲ್ಯಾಬಿನ 1.5ನ್ನೂ ಒಂದೇ ಗ್ರಾಫಿನಲ್ಲಿ ಜೋಡಿಸಿ "ಕಿಡ್ನಿ ಕುಸಿಯುತ್ತಿದೆ" ಎನ್ನುವ ಮೊದಲು ಅಷ್ಟು ವಿಚಾರಣೆ ಸಾಕು.

ಕಾಣೆಯಾದವರ ಲೆಕ್ಕ ಇನ್ನೂ ದೊಡ್ಡದು. 60 ಕಸಿ ಎಂದುಕೊಳ್ಳಿ. ಒಂದು ವರ್ಷದಲ್ಲಿ 4 ಕಿಡ್ನಿ ಕೆಟ್ಟವು, 3 ರೋಗಿಗಳು ಕೆಲಸ ಮಾಡುತ್ತಿದ್ದ ಕಿಡ್ನಿಯೊಂದಿಗೇ ತೀರಿಕೊಂಡರು, 9 ಜನರ ಸುಳಿವಿಲ್ಲ. ನಷ್ಟ 60ರಲ್ಲಿ 4 ಎಂದರೆ ಶೇ. 6.7, 60ರಲ್ಲಿ 7 ಎಂದರೆ ಶೇ. 11.7, 51ರಲ್ಲಿ 7 ಎಂದರೆ ಶೇ. 13.7. ಒಂದೇ ವಿಭಾಗ, ಒಂದೇ ವರ್ಷ, ಮೂರು ಮುಖ. ಸಾವನ್ನು ಸೆನ್ಸಾರ್ ಮಾಡಿದ (ಕೆಲಸ ಮಾಡುವ ಕಿಡ್ನಿಯೊಂದಿಗೆ ತೀರಿಕೊಂಡವರನ್ನು ನಷ್ಟಕ್ಕೆ ಸೇರಿಸದ) ಗ್ರಾಫ್ಟ್ ಸರ್ವೈವಲ್ ಮತ್ತು ಅವರನ್ನೂ ಸೇರಿಸಿದ ಒಟ್ಟು ಗ್ರಾಫ್ಟ್ ಸರ್ವೈವಲ್ ಎರಡನ್ನೂ ಕೊಡಿ. ಕಾಲ ಸರಿದಂತೆ ಎಷ್ಟು ಕಿಡ್ನಿ ಉಳಿದವೆಂದು ತೋರಿಸುವ ಕಾಪ್ಲಾನ್-ಮೈಯರ್ ಗೆರೆ ಎಳೆದರೂ ಈ 9 ಜನರ ಸಮಸ್ಯೆ ಮಾಯವಾಗುವುದಿಲ್ಲ. ಕಾಣೆಯಾದವರೂ ಉಳಿದವರಂತೆಯೇ ಇದ್ದಾರೆ ಎಂಬ ಊಹೆಯ ಮೇಲೆ ಆ ಗೆರೆ ನಿಂತಿದೆ, ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮದ್ದನ್ನು ಕೊಳ್ಳಲಾಗದೆ ನಿಲ್ಲಿಸಿದವರು ಉಳಿದವರಂತೆ ಇರುವುದಿಲ್ಲ. ಗೆರೆಯ ಕೆಳಗೆ ಪ್ರತಿ ಹಂತದಲ್ಲೂ ಎಷ್ಟು ಜನ ಉಳಿದಿದ್ದರು ಎಂಬ ಸಾಲು ಇಲ್ಲದ ಚಿತ್ರವನ್ನು ನಂಬಬೇಡಿ, ನೀವೂ ಹಾಕಬೇಡಿ.

ಕಿಡ್ನಿ ಕಲ್ಲಿನ ಪೇಪರು ಬರೆಯುವವರಿಗೆ ಒಂದೇ ಮಾತು: "ಸ್ಟೋನ್ ಫ್ರೀ" ಎಂದದ್ದು ಎಕ್ಸ್-ರೇ ನೋಡಿಯೋ ಸಿಟಿ ನೋಡಿಯೋ, ಎಷ್ಟು ಮಿಲಿಮೀಟರಿನವರೆಗಿನ ಚೂರನ್ನು ಬಿಟ್ಟಿರಿ, ಎಷ್ಟನೇ ವಾರ ನೋಡಿದಿರಿ. ಸಿಟಿ ಮಾಡಿದರೆ ಎಕ್ಸ್-ರೇಗೆ ಕಾಣದ ಚೂರೂ ಕಂಡು ಫಲಿತಾಂಶ ಕೆಡುತ್ತದೆ, ಹಾಗಾಗಿಯೇ ಸಿಟಿ ಬೇಕು.

ಮೃತ ದಾನಿಯ ಕಸಿಯ ಕೇಸ್ ರಿಪೋರ್ಟಿಗೆ ಮುಂಬಯಿಯಲ್ಲಿ ಒಂದು ವಿಶೇಷ ಅಪಾಯ. ಅಂಗ ಸಾಗಿಸಲು ರಸ್ತೆ ತೆರವು ಮಾಡುವ ಗ್ರೀನ್ ಕಾರಿಡಾರ್ ಆದ ಮರುದಿನದ ಪತ್ರಿಕೆಯಲ್ಲಿ ದಾನಿಯ ವಯಸ್ಸು, ಉಪನಗರ, ಎಲ್ಲ ಇರುತ್ತದೆ. ನೀವು ಹೆಸರು ತೆಗೆದು ತಾರೀಖು, ವಯಸ್ಸು, ಅಪಘಾತದ ಬಗೆ ಉಳಿಸಿದರೆ ಐದು ನಿಮಿಷದಲ್ಲಿ ಕುಟುಂಬ ಸಿಗುತ್ತದೆ. ತಿಂಗಳನ್ನೂ ಕೊಡದೆ "ನಲವತ್ತರ ದಶಕದ ದಾನಿ" ಎಂದರೆ ವೈದ್ಯಕೀಯವಾಗಿ ಏನೂ ನಷ್ಟವಿಲ್ಲ.

ಸೈಟೇಶನ್ನಿಗೆ, ಅಂದರೆ ಬೇರೆ ಪೇಪರುಗಳ ಉಲ್ಲೇಖಕ್ಕೆ, ಬರೋಣ. ಭಾರತದ ಕಸಿ ಪೇಪರುಗಳ ಪೀಠಿಕೆಯಲ್ಲಿ "ದೇಶದ ಮೊದಲ ಕಿಡ್ನಿ ಕಸಿ" ಎಂಬ ಸಾಲು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಬಂದಿದೆ. ಒಂದರಲ್ಲಿ 1965, ಇನ್ನೊಂದರಲ್ಲಿ 1971. ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1965ರಲ್ಲಿ ನಡೆದದ್ದು ಮೃತ ದಾನಿಯಿಂದ ಮಾಡಿದ ಆರಂಭದ ಯತ್ನ, ವೆಲ್ಲೂರಿನ ಸಿಎಂಸಿಯಲ್ಲಿ 1971ರಲ್ಲಿ ನಡೆದದ್ದು ಯಶಸ್ವಿಯಾದ ಜೀವಂತ ದಾನಿಯ ಕಸಿ. ಎರಡು ವಾಕ್ಯದ ವಿಷಯವನ್ನು ಒಂದಕ್ಕೆ ಒತ್ತಿದ್ದರಿಂದ ಆದ ಗೊಂದಲ, ಮೂಲ ಓದದೆ ಎತ್ತಿ ಹಾಕಿದ್ದರಿಂದ ಬೆಳೆದ ಗೊಂದಲ. ನಿಯಮ ಚಿಕ್ಕದು: ಯಾವ ವಾಕ್ಯಕ್ಕೆ ರೆಫರೆನ್ಸ್ ಸಂಖ್ಯೆ ಹಾಕಿದ್ದೀರೋ ಆ ಮಾತು ಮೂಲ ಪೇಪರಿನ ಯಾವ ಪುಟದ ಯಾವ ಟೇಬಲಿನಲ್ಲಿದೆ ಎಂದು ನಿಮ್ಮ ಕರಡಿನ ಕಾಮೆಂಟಿನಲ್ಲಿ ಬರೆದುಕೊಳ್ಳಿ. ಅಬ್‌ಸ್ಟ್ರ್ಯಾಕ್ಟ್ ಓದಿ ಹಾಕಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಕಸಿಯಲ್ಲಿ ಸೈಟೇಶನ್ ಎಂದರೆ ನೈತಿಕ ಲೆಕ್ಕವೂ ಹೌದು. 2019ರಲ್ಲಿ ಆಸ್ಟ್ರೇಲಿಯಾದ ವೆಂಡಿ ರೋಜರ್ಸ್ ಮತ್ತು ಸಂಗಡಿಗರು ಚೀನಾದ ಕಸಿಗಳ ಬಗೆಗಿನ 445 ಪೇಪರುಗಳನ್ನು ಜಾಲಾಡಿ ಬಿಎಂಜೆ ಓಪನ್‌ನಲ್ಲಿ ಬರೆದರು. ಅಂಗಗಳು ಮರಣದಂಡನೆಗೆ ಒಳಗಾದ ಕೈದಿಗಳದ್ದೋ ಅಲ್ಲವೋ ಎಂಬುದನ್ನು ಶೇ. 92.5 ಪೇಪರುಗಳು ಹೇಳಿರಲಿಲ್ಲ. ಮೂಲ ದಾನಿಯ ಒಪ್ಪಿಗೆಯ ಮಾತು ಶೇ. 99ರಲ್ಲಿ ಇರಲಿಲ್ಲ. ಆಮೇಲೆ ಹಲವು ಪೇಪರುಗಳನ್ನು ಜರ್ನಲ್‌ಗಳು ಹಿಂತೆಗೆದುಕೊಂಡವು. ಹಿಂತೆಗೆದುಕೊಂಡ ಪೇಪರಿನ ಪಿಡಿಎಫ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಳೆಯ ರೂಪದಲ್ಲೇ ಕೂತಿರುತ್ತದೆ, ಅದಕ್ಕೆ ಸುದ್ದಿ ಗೊತ್ತಿರುವುದಿಲ್ಲ. ರೆಫರೆನ್ಸ್ ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸಿದರೆ ಅದು ಕೆಂಪು ಪಟ್ಟಿ ತೋರಿಸುತ್ತದೆ; ಇಲ್ಲವಾದರೆ ಸಲ್ಲಿಸುವ ಹಿಂದಿನ ದಿನ ವೈದ್ಯಕೀಯ ಪೇಪರುಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಒಂದೊಂದಾಗಿ ನೋಡಿ. ಎಐ ಕೊಟ್ಟ ರೆಫರೆನ್ಸ್ ಆದರೆ ಡಿಒಐ (ಪೇಪರಿನ ಶಾಶ್ವತ ಕೊಂಡಿ) ತೆರೆದು, ತೆರೆದುಕೊಂಡದ್ದು ಅದೇ ಪೇಪರೇ ಎಂದೂ ನೋಡಬೇಕು.

ಹೆಸರು. ಲೇಖಕ ಎನಿಸಿಕೊಳ್ಳಲು ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿಯಾದ ಐಸಿಎಂಜೆಇಯ ನಾಲ್ಕು ಷರತ್ತು ಎಲ್ಲರಿಗೂ ಬಾಯಿಪಾಠ: ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುಪಡಿ, ಅಂತಿಮ ಒಪ್ಪಿಗೆ, ಮತ್ತು 2013ರಲ್ಲಿ ಸೇರಿದ ಹೊಣೆಗಾರಿಕೆ. ನಾಲ್ಕೂ ಬೇಕು. ಇದರ ಬಾಲದಲ್ಲಿರುವ ಮಾತನ್ನು ಮಾತ್ರ ಯಾರೂ ನೆನಪಿಸುವುದಿಲ್ಲ: ಮೊದಲ ಷರತ್ತು ಪೂರೈಸಿದವರಿಗೆ ಉಳಿದವನ್ನು ಪೂರೈಸುವ ಅವಕಾಶ ಕೊಡಬೇಕು. ಬಯಾಪ್ಸಿ ಸ್ಲೈಡುಗಳನ್ನೆಲ್ಲ ಮತ್ತೆ ಓದಿ ಕಸಿ ಬಯಾಪ್ಸಿಗಳಿಗೆ ಕೊಡುವ ಬ್ಯಾನ್ಫ್ ದರ್ಜೆ ಹಾಕಿಕೊಟ್ಟ ಪ್ಯಾಥಾಲಜಿಸ್ಟಿಗೆ ಕರಡನ್ನೇ ಕಳಿಸದೆ "ಅವರು ತಿದ್ದಲಿಲ್ಲ" ಎಂದು ಕೈಬಿಡುವಂತಿಲ್ಲ. ಡೇಟಾವನ್ನೇ ನೋಡದ ಹಿರಿಯರ ಹೆಸರು ಮರ್ಯಾದೆಗೆ ಬರುವುದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಆರು ದೊಡ್ಡ ವೈದ್ಯಕೀಯ ಜರ್ನಲ್‌ಗಳ 2008ರ ಪೇಪರುಗಳಲ್ಲೂ ಶೇ. 21ರಲ್ಲಿ ಮರ್ಯಾದೆ ಲೇಖಕರೋ (ಬರೆದೂ ಹೆಸರಿಲ್ಲದ) ಮರೆಯ ಲೇಖಕರೋ ಇದ್ದರೆಂದು ಒಂದು ಸಮೀಕ್ಷೆ ಕಂಡಿತ್ತು.

ಜಗಳ ನಡೆಯುವುದು ಮಾತ್ರ ಹೆಸರುಗಳ ಕ್ರಮಾಂಕಕ್ಕೆ. 2015ರಲ್ಲಿ ಎಂಸಿಐ (ಆಗಿನ ವೈದ್ಯಕೀಯ ಮಂಡಳಿ) ಬೋಧಕರ ಬಡ್ತಿಗೆ ಮೊದಲ ಇಬ್ಬರನ್ನಷ್ಟೇ ಎಣಿಸಿತು. ಅದರ ಜಾಗಕ್ಕೆ ಬಂದ ಎನ್‌ಎಂಸಿಯ 2022ರ ನಿಯಮ ಮೊದಲ ಮೂವರನ್ನೂ, ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಲೇಖಕರನ್ನೂ ಎಣಿಸಿತು. ಯುರಾಲಜಿ, ನೆಫ್ರಾಲಜಿ, ಅನೆಸ್ತೀಸಿಯಾ ಸೇರಿ ನಡೆಸುವ ಕಸಿಯಲ್ಲಿ ನಾಲ್ಕು ಕುರ್ಚಿಗೆ ಹನ್ನೆರಡು ಜನ. ಯಾರು ಎಲ್ಲಿ ಎಂಬುದನ್ನು ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ದಿನವೇ ಇಮೇಲಿನಲ್ಲಿ ಬರೆದಿಡಿ, ಕೆಲಸ ಬದಲಾದರೆ ಕ್ರಮವೂ ಬದಲಾಗುತ್ತದೆ ಎಂಬ ಸಾಲಿನ ಸಮೇತ. ವ್ಯಾಂಕೂವರ್ ಶೈಲಿಯ ರೆಫರೆನ್ಸ್ ಪಟ್ಟಿಯಲ್ಲಿ ಆರು ಹೆಸರಾದ ಮೇಲೆ "ಮತ್ತಿತರರು" ಬರುತ್ತದೆ. ಏಳನೆಯವರಿಂದ ಎಲ್ಲರೂ ಅದರೊಳಗೆ.

ಕನ್ನಡದವರಿಗೆ ಇನ್ನೂ ಒಂದು ಕಾಟ. ಕೆ. ಎಸ್. ಮಂಜುನಾಥ ಎನ್ನುವವರಿಗೆ ಆಡನಾವ, ಅಂದರೆ ಮನೆತನದ ಹೆಸರು, ಇಲ್ಲ. "ಕೆ" ಊರು, "ಎಸ್" ಅಪ್ಪ. ಮಹಾರಾಷ್ಟ್ರದ ಫಾರ್ಮು ಆಡನಾವನ್ನೇ ಮೊದಲು ಕೇಳುತ್ತದೆ. ಒಂದು ಕಡೆ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಡಿಗ್ರಿಯಲ್ಲಿ ಇನಿಷಿಯಲ್ಲು ಮಾತ್ರ. ಇಂಗ್ಲಿಷಿನಲ್ಲಿ ಕೊನೆಯ "ಎ" ಒಮ್ಮೆ ಇದೆ ಒಮ್ಮೆ ಇಲ್ಲ. ಪಬ್‌ಮೆಡ್‌ನಲ್ಲಿ ಒಬ್ಬರೇ ಮೂವರಾಗುತ್ತಾರೆ. ಪಾಟೀಲ, ಕುಲಕರ್ಣಿ, ದೇಸಾಯಿಗಳದ್ದು ಉಲ್ಟಾ ಕಷ್ಟ: ಧಾರವಾಡದವರೂ ಸಾತಾರದವರೂ "ಪಾಟೀಲ್ ಎಸ್" ಆಗಿ ಒಂದೇ ರಾಶಿಯಲ್ಲಿ. ಲೆಕ್ಕ ನೋಡಿ: ಏಳು ಪೇಪರುಗಳಿಗೆ 12, 9, 8, 6, 5, 4, 3 ಸೈಟೇಶನ್ ಇದ್ದರೆ ಹಿರ್ಷ್ 2005ರಲ್ಲಿ ಕೊಟ್ಟ ಎಚ್-ಇಂಡೆಕ್ಸ್ ಪ್ರಕಾರ 5, ಏಕೆಂದರೆ ಐದು ಪೇಪರುಗಳಿಗೆ ತಲಾ ಐದಾದರೂ ಸೈಟೇಶನ್ ಇವೆ. ಅವೇ ಪೇಪರುಗಳು ಎರಡು ಹೆಸರಿನಲ್ಲಿ 12, 8, 5, 3 ಮತ್ತು 9, 6, 4 ಎಂದು ಹಂಚಿಹೋದರೆ ಅಲ್ಲೊಂದು 3, ಇಲ್ಲೊಂದು 3. ಮದ್ದು ಆರ್ಕಿಡ್. 2012ರಿಂದ ಇರುವ, ಸಂಶೋಧಕರಿಗೆ ಪುಕ್ಕಟೆಯಾಗಿ ಸಿಗುವ 16 ಸ್ಥಾನದ ಗುರುತು. ಕೊನೆಯ ಸ್ಥಾನ ತಪ್ಪು ಹಿಡಿಯುವ ಚೆಕ್ ಅಂಕಿ, ಕೆಲವರಿಗೆ ಅದು "ಎಕ್ಸ್" ಅಕ್ಷರ. ಮೊದಲ ಪೇಪರಿಗೇ ಮಾಡಿಸಿ, ಹೆಸರಿನ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ, ಹಳೆಯ ರೂಪಗಳನ್ನು ಅದರಲ್ಲೇ "ಇತರ ಹೆಸರು" ಜಾಗಕ್ಕೆ ಹಾಕಿ.

ಕರೆಸ್ಪಾಂಡಿಂಗ್ ಲೇಖಕರ ಇಮೇಲು ಆಸ್ಪತ್ರೆಯದ್ದಾಗಿರದಿರಲಿ. ಮೂರು ವರ್ಷದ ರೆಸಿಡೆನ್ಸಿ ಮುಗಿದು ಕಲಬುರಗಿಗೆ ಮರಳುವ ಹೊತ್ತಿಗೆ ಆ ಖಾತೆ ಮುಚ್ಚಿರುತ್ತದೆ, ಅಚ್ಚಿಗೆ ಮೊದಲಿನ ಪ್ರೂಫ್ 48 ಗಂಟೆಯಲ್ಲಿ ತಿದ್ದಿ ಕಳಿಸಿ ಎಂಬ ಪತ್ರ ಯಾರೂ ತೆರೆಯದ ಡಬ್ಬಿಗೆ ಬಿದ್ದಿರುತ್ತದೆ.